ಕಪ್ಪು ಕಿಟಕಿ ಮುಚ್ಚಿದವನ ತಪ್ಪೊಪ್ಪಿಗೆ

ತೆರೆದದ್ದನ್ನು ಮುಚ್ಚದೆ ಬಿಡುವವನೆಂದು ಮನೆಯಲ್ಲಿ ನನಗೆ ಹೆಸರಿದೆ. ತೋಟದ ಗೇಟು, ಉಪ್ಪಿನಕಾಯಿ ಜಾಡಿ, ಕೊನೆಗೆ ನನ್ನ ಬಾಯಿ, ಯಾವುದೂ ಸರಿಯಾಗಿ ಮುಚ್ಚಿದ್ದಿಲ್ಲ. ಆದರೆ ನಾನು ಮಾಡಿದ ದೊಡ್ಡ ತಪ್ಪು ಮಾತ್ರ, ಒಂದನ್ನು ಅಚ್ಚುಕಟ್ಟಾಗಿ ಮುಚ್ಚಿದ್ದು.

ತಂಗಿ ಶೈಲಾ ತಿಪಟೂರಿನಲ್ಲಿ ಡಿಪ್ಲೊಮಾ ಓದುತ್ತಾಳೆ. ನಾನು ಏಳನೆಯದಕ್ಕೇ ಪುಸ್ತಕ ಮಡಚಿದವನು. ಪರೀಕ್ಷೆಗೆಂದು ಅವಳು ಸಿ ಭಾಷೆಯಲ್ಲಿ ನಮ್ಮ ತೆಂಗಿನ ಮರಗಳ ಪಟ್ಟಿ ಇಡುವ ಪ್ರೋಗ್ರಾಂ ಬರೆದಿದ್ದಳು. ಹಿಂದಿನ ದಿನ ಲ್ಯಾಪ್‌ಟಾಪನ್ನು ಕೂಸಿನಂತೆ ಎತ್ತಿಕೊಂಡು ತೋಟವೆಲ್ಲ ಸುತ್ತಿ, ಯಾವ ಮರಕ್ಕೆ ನುಸಿ, ಯಾವುದರ ಕಾಂಡ ಸೋರುತ್ತಿದೆ ಎಂದು ಬುಡದಲ್ಲೇ ನಿಂತು ಬರೆದುಕೊಂಡಳು. ಅವಳು ಊಟಕ್ಕೆ ಎದ್ದಾಗ ನನಗೆ ಅದರಲ್ಲಿ ಕ್ರಿಕೆಟ್ ನೋಡುವ ಆಸೆಯಾಯಿತು. ಪರದೆಯ ಮೇಲೆ ಅವಳ ಪ್ರೋಗ್ರಾಂ ಓಡುತ್ತಿದ್ದ ಕಪ್ಪು ಕಿಟಕಿಯ ಮೂಲೆಯ ಗುಣಾಕಾರದ ಗುರುತು ಒತ್ತಿದೆ. ಮುಚ್ಚಿಕೊಂಡಿತು.

ಅವಳು ಬಂದು ನೋಡಿದರೆ ಫೈಲು ಖಾಲಿ.

"ನಾನೇ ಏನೋ ತಪ್ಪು ಬರ್ದಿದೀನಿ ಕಣಣ್ಣ. ಇದು ನನ್ನ ತಲೆಗೆ ಹತ್ತಲ್ಲ ಬುಡು. ನಾಳೆ ಪರೀಕ್ಷೆಗೇ ಹೋಗಲ್ಲ."

ಎಂದೂ ಮುಚ್ಚದ ನನ್ನ ಬಾಯಿ ಆಗ ಮುಚ್ಚಿತ್ತು. ಅವಳ ಮುಂದೆ ಕಾಫಿ ಆರಿ ಕೆನೆ ಕಟ್ಟಿತು. ಅದನ್ನು ನೋಡಲಾರದೆ ಹೇಳಿಬಿಟ್ಟೆ: "ಆ ಕಿಟಕಿ ಮುಚ್ಚಿದ್ದು ನಾನು ಕಣೇ."

"ಆಗ್ಲೇ ಬೊಗಳೋಕೆ ಏನಾಗಿತ್ತು ನಿಂಗೆ?" ಎಂದಳು. ಆದರೆ ತಪ್ಪು ತನ್ನದಲ್ಲವೆಂದು ಮುಖ ಅರಳಿತ್ತು. "ಕೆಡವಿದ ಕಾಯಿನ ಒಂದೊಂದೇ ಅಟ್ಟಕ್ಕೆ ಹಾಕ್ತೀವಾ? ಮಂಕರಿ ಬುಟ್ಟಿ ತುಂಬಿದ್ ಮೇಲೆ ತಾನೆ? ಇದೂ ಹಂಗೇ. ಬರ್ದಿದ್ದೆಲ್ಲ ಇನ್ನೂ ಮಂಕರೀಲೇ ಇತ್ತು, ಫೈಲು ಅನ್ನೋ ಅಟ್ಟ ಸೇರಿರ್ಲಿಲ್ಲ. ನೀನು ಮಂಕರಿ ಸಮೇತ ಎಸ್ದೆ."

ಕಿಟಕಿ ಮುಚ್ಚಿದರೆ ಸಾಲದಂತೆ. ಫೈಲನ್ನು ಮುಚ್ಚು ಎಂದು ಪ್ರೋಗ್ರಾಮೇ ಹೇಳಬೇಕಂತೆ. ಆಗ ಮಂಕರಿಯ ತಳದಲ್ಲಿ ಉಳಿದದ್ದೂ ಅಟ್ಟ ಸೇರುತ್ತದೆ. ಸರಿಯಾಗಿ ಮುಚ್ಚಿತೇ ಎಂದೂ ವಿಚಾರಿಸಬೇಕು. ಉತ್ತರ ಸೊನ್ನೆ ಬಂದರೆ ಎಲ್ಲ ಕ್ಷೇಮ. ಸೊನ್ನೆ ತೆಗೆದರೆ ಭೇಷ್ ಎನ್ನುವ ಜಾಗವೂ ಇದೆಯಲ್ಲ! ನಾನು ಸೇರಬೇಕಿದ್ದ ಶಾಲೆ ಅದು.

"ನಿನ್ನಂಥೋರು ಇರ್ತಾರೆ ಅಂತ ನಾನೂ ಯೋಚ್ನೆ ಮಾಡ್ಬೇಕಿತ್ತು" ಎನ್ನುತ್ತ, ಒಂದೊಂದು ಮರ ಬರೆದಾಗಲೂ ಫೈಲು ಮುಚ್ಚುವಂತೆ ತಿದ್ದಿದಳು. ಮತ್ತೆ ತೋಟ ಸುತ್ತಿದೆವು. ಈ ಸಲ ಕೂಸನ್ನು ಹೊತ್ತವನು ನಾನು. ನಡುನಡುವೆ ಅವಳ ಅಪ್ಪಣೆ: "ಈಗ ಮುಚ್ಚು!" ನಾನು ಕಿಟಕಿ ಮುಚ್ಚುತ್ತಿದ್ದೆ. ತೆರೆದರೆ ಒಂದು ಮರವೂ ಕಳೆದಿರುತ್ತಿರಲಿಲ್ಲ.

ಮರುದಿನ ಪರೀಕ್ಷಕರು, "ಮಧ್ಯದಲ್ಲಿ ಯಾರಾದ್ರೂ ಮುಚ್ಚಿಬಿಟ್ರೆ?" ಎಂದರಂತೆ.

"ನಮ್ಮಣ್ಣ ಎಂಟು ಸಲ ಮುಚ್ಚಿ ನೋಡಿದಾನೆ ಸಾರ್."

ಅವರು ನಕ್ಕು ಪಾಸು ಮಾಡಿದರು. ಶಾಲೆ ಬಿಟ್ಟ ಮೇಲೆ ನಾನು ಪಾಸಾದ ಪರೀಕ್ಷೆ ಇದೊಂದೇ; ಅದೂ ಕೆಡಿಸುವ ವಿಷಯದಲ್ಲಿ.