ಸಿಂಥೆಟಿಕ್ ಪೊರ್ಬು

ಸೀತಾಂಗೋಳಿ ಪೇಟೆಯಲ್ಲಿ ಭುಜಂಗನ ನಾಲಿಗೆಗೆ ಹೆದರದವರಿರಲಿಲ್ಲ. ಕೈಗುಣ ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ಶಾರ್ಜಾದ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ದುಡಿದು ಬಂದ ಅವನೊಬ್ಬನಿಗೇ ಈ ಕಡೆ ಆಟೋಮ್ಯಾಟಿಕ್ ಗೇರಿನ ಕಾರು ಬಿಚ್ಚಲು ಬರುತ್ತಿತ್ತು. ಗೇರ್‌ಬಾಕ್ಸಿಗೆ ಹೊಯ್ಯುವ ಕೆಂಪು ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ, ತೆಂಗಿನೆಣ್ಣೆ ಕೊಳ್ಳುವ ಅಜ್ಜಿಯರ ಹಾಗೆ ಮೂಗಿಗೆ ಹಿಡಿದು ತೀರ್ಪು ಕೊಡುತ್ತಿದ್ದ. ದಪ್ಪಗಿದ್ದರೆ ಅಸಲಿ, ತೆಳ್ಳಗಿದ್ದರೆ ಕಲಬೆರಕೆ. ಇದರ ಜೊತೆಗೆ ಜನರಿಗೆ ಅಡ್ಡಹೆಸರಿಡುವ ಚಟ ಬೇರೆ. ಅವನಿಟ್ಟ ಹೆಸರು ಒಮ್ಮೆ ಅಂಟಿತೆಂದರೆ ಹೋಗುತ್ತಿರಲಿಲ್ಲ.

ಈ ಮಹಾಶಯನಿಗೆ ಶೆಡ್ಡು ಹಾಕಲು ಜಾಗ ಕೊಟ್ಟವರು ಜೇಕಬ್ ಪೊರ್ಬುಗಳು. ಕೊಂಕಣಿ ಕ್ರೈಸ್ತ ಹಿರಿಯರನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು. ರಸ್ತೆ ಬದಿಯಲ್ಲಿ ಅವರ ಆಯಿಲ್ ಅಂಗಡಿ, ಅದರ ಹಿಂದೆ ಭುಜಂಗನ ಗ್ಯಾರೇಜು. ಡಬ್ಬಿಯ ಸೀಲು ಒಡೆದು ಮಾರಿದ ಜನ ಅಲ್ಲ ಪೊರ್ಬುಗಳು. ಮಧ್ಯಾಹ್ನ ಅವರ ಹೆಂಡತಿ ಜೋಸ್ಫಿನ್ ಬಾಯಿ ಕಳಿಸುವ ಬುತ್ತಿಯಲ್ಲಿ ಭುಜಂಗನಿಗೂ ಒಂದು ಪಾಲು ಇರುತ್ತಿತ್ತು.

2013ರ ಬೇಸಿಗೆಯಲ್ಲಿ ಆ ಕೆಂಪು ಎಣ್ಣೆಯ ಹೊಸ ಸರಕು ಬಂತು. ಅದೇ ಕಂಪೆನಿ, ಅದೇ ಹೆಸರು, ಅದೇ ಡಬ್ಬಿ. ಭುಜಂಗ ಬೆರಳಿಗೆ ಹಚ್ಚಿ ನೋಡಿದರೆ ನೀರಿನ ಹಾಗೆ ಜಾರಿತು.

"ಪೊರ್ಬುಗಳೇ, ಇದಕ್ಕೆ ಎಂತ ಬೆರೆಸಿದ್ದು?"

"ನಾನೆಂತ ಬೆರೆಸುವುದು ಮಾರಾಯ? ಕಂಪೆನಿಯವರೇ ಪಾಕ ಬದಲಿಸಿದ್ದಂತೆ. ಈಗ ಪೂರ್ತಿ ಸಿಂಥೆಟಿಕ್. ಹೊಸ ಕಾರುಗಳಿಗೆ ಇದೇ ಆಗಬೇಕಂತೆ."

ಸಿಂಥೆಟಿಕ್! ನಮ್ಮೂರಲ್ಲಿ ಆ ಪದಕ್ಕೆ ಎರಡನೆಯ ಅರ್ಥವಿಲ್ಲ. ರೇಷ್ಮೆಯಲ್ಲದ ಸೀರೆ ಸಿಂಥೆಟಿಕ್, ಚರ್ಮವಲ್ಲದ ಚಪ್ಪಲಿ ಸಿಂಥೆಟಿಕ್. ಅಂದರೆ ನಕಲಿ. ಭುಜಂಗ ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವರ ಕಡೆ ತಿರುಗಿದ.

"ಕೇಳಿದಿರಾ? ನಕಲಿ ಅಂತ ಅವರೇ ಒಪ್ಪಿದರು! ಇನ್ನು ಇವರು ಜೇಕಬ್ ಪೊರ್ಬು ಅಲ್ಲ, ಸಿಂಥೆಟಿಕ್ ಪೊರ್ಬು!"

ಹೋಟೆಲಿಗೆ ಹೋಟೆಲೇ ನಕ್ಕಿತು. ತಮಾಷೆಯೆಂದುಕೊಂಡು ಪಾಪ, ಪೊರ್ಬುಗಳೂ ನಕ್ಕರು.

ವಾರದೊಳಗೆ ಆ ಹೆಸರು ಪಕ್ಕದ ಕುಂಬಳೆ ಪೇಟೆಯನ್ನೂ ಮುಟ್ಟಿತು. ಬಸ್ಸಿನಿಂದ ಶಾಲೆ ಮಕ್ಕಳು "ಸಿಂಥೆಟಿಕ್!" ಎಂದು ಕೂಗಿ ತಲೆ ಒಳಗೆಳೆದುಕೊಳ್ಳುತ್ತಿದ್ದರು. ಗಿರಾಕಿಗಳು ಗ್ರೀಸಿಗೂ ಬೇರೆ ಅಂಗಡಿ ಹುಡುಕಿದರು. ಕೊನೆಗೊಂದು ದಿನ ಪೊರ್ಬುಗಳು ಸೀಲು ಒಡೆಯದ ಡಬ್ಬಿಯೊಂದನ್ನು ಎದೆಗವಚಿಕೊಂಡು ಶೆಡ್ಡಿಗೆ ಬಂದರು.

"ದೇವರಾಣೆ ಭುಜಂಗ, ನೀನೇ ಒಡೆದು ನೋಡು. ಅಂಗಡಿ ಹೋದರೆ ಹೋಗಲಿ, ನನ್ನ ಹೆಸರು ಒಂದು ಉಳಿಸು."

ಭುಜಂಗ ಡಬ್ಬಿ ಒಡೆದ. ಎಲ್ಲರೂ ನೋಡುತ್ತಿದ್ದಂತೆ ಅಷ್ಟನ್ನೂ ಚರಂಡಿಗೆ ಸುರಿದ.

"ಹೆಸರು ಉಂಟಲ್ಲ ಪೊರ್ಬುಗಳೇ! ಹೊಸದೇ ಕೊಟ್ಟಿದ್ದೇನೆ."

ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ ಅಲ್ಲವೇ? ಮಳೆಗಾಲ ಕಳೆಯುವಷ್ಟರಲ್ಲಿ ಅಂಗಡಿಗೆ ಬಾಗಿಲು ಬಿತ್ತು. ಆದರೂ ಪೊರ್ಬುಗಳು ಭುಜಂಗನನ್ನು ಶೆಡ್ಡಿನಿಂದ ಏಳಿಸಲಿಲ್ಲ. ಪೇಟೆಗೆ ಬರುವುದನ್ನು ಬಿಟ್ಟರು, ಕೊನೆಗೆ ಭಾನುವಾರದ ಪೂಜೆಗೆ ಇಗರ್ಜಿಗೆ ಹೋಗುವುದನ್ನೂ ಬಿಟ್ಟರು.

ಭುಜಂಗನೋ ಮಂಗಳೂರಿನಿಂದ ಹಳೆ ಪಾಕದ ದಪ್ಪ ಎಣ್ಣೆಯನ್ನು ಹುಡುಕಿ ತಂದು ರಾಶಿ ಹಾಕಿಕೊಂಡಿದ್ದ. ದುಬೈಯಿಂದ ಬಂದ ಸುಧೀರನ ಹೊಸ ಕಾರಿಗೆ ಅದನ್ನೇ ಹೊಯ್ದ. ತಿಂಗಳು ಕೆಲವು ಕಳೆಯುವಷ್ಟರಲ್ಲಿ ಕಾರು ಏರಿನಲ್ಲಿ ಗಡಗಡ ನಡುಗಿ ನಿಂತಿತು. ಸುಧೀರ ಅದನ್ನು ಮಂಗಳೂರಿನ ವರ್ಕ್‌ಶಾಪಿಗೆ ಎಳೆಸಿಕೊಂಡು ಹೋದ. ಮರಳಿ ಬಂದವನು ಅದೇ ಹೋಟೆಲಿನೆದುರು ನಿಂತು ಬಾಯಿಬಿಟ್ಟ.

"ಒಳಗಿನ ಪ್ಲೇಟೆಲ್ಲ ಕರಟಿ ಹೋಗಿದೆ ಭುಜಂಗಣ್ಣ. ಹಳೆ ಕಾರಿಗೆ ದಪ್ಪ ಎಣ್ಣೆ ಸರಿಯಂತೆ. ಹೊಸ ಗೇರ್‌ಬಾಕ್ಸಿನ ಸಪೂರ ದಾರಿಯಲ್ಲಿ ಅದು ಹೊತ್ತಿಗೆ ಸರಿಯಾಗಿ ಹರಿಯುವುದಿಲ್ಲವಂತೆ. ಹೊಸ ಪಾಕ ತೆಳ್ಳಗೆ ಕಂಡರೂ ಎಷ್ಟು ಬಿಸಿಯಾದರೂ ಕೆಡುವುದಿಲ್ಲವಂತೆ. ಪೊರ್ಬುಗಳು ಹೇಳಿದ್ದು ನಿಜ. ನಿಮ್ಮ ಮೂಗೇ ಕಲಬೆರಕೆ!"

ಹೋಟೆಲು ಮತ್ತೆ ನಕ್ಕಿತು. ಆ ನಗು ತನ್ನ ಮೇಲೆ ಬಿದ್ದಾಗ ಅದಕ್ಕೆಷ್ಟು ಹಲ್ಲುಗಳೆಂದು ಭುಜಂಗನಿಗೆ ತಿಳಿಯಿತು. ನಾಚಿಕೆಯಾಯಿತು. ನಾಳೆ ಹೋಗಿ ಕಾಲು ಹಿಡಿಯುತ್ತೇನೆ ಎಂದುಕೊಂಡ. ಆ ನಾಳೆ ಬರಲೇ ಇಲ್ಲ. ಯಾರಾದರೂ ಸಿಂಥೆಟಿಕ್ ಎಂದರೆ "ಜೇಕಬ್ ಪೊರ್ಬು ಅನ್ನಿ" ಎಂದು ರೇಗುತ್ತಿದ್ದ. ಅದನ್ನು ಕೇಳಲೆಂದೇ ಜನ ಮತ್ತಷ್ಟು ಕರೆದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

2016ರಲ್ಲಿ ಪೊರ್ಬುಗಳು ತೀರಿಕೊಂಡರು. ಭುಜಂಗ ಹೋದ. ಅಂಗಳದಲ್ಲಿ ಶವಪೆಟ್ಟಿಗೆಯ ಬಳಿ ಕೂತಿದ್ದ ಜೋಸ್ಫಿನ್ ಬಾಯಿ ತಲೆಯೆತ್ತಿದರು. ಅವರ ಕಣ್ಣಲ್ಲಿ ನೀರಿರಲಿಲ್ಲ.

"ತಪ್ಪಾಯ್ತು ಬಾಯಮ್ಮ," ಎಂದ.

"ನೀನಿಟ್ಟ ಹೆಸರು ಗಟ್ಟಿ ಉಂಟು ಭುಜಂಗ," ಎಂದರು ಅವರು. "ಅಸಲಿ ಮಾಲು. ಕಡೇವರೆಗೂ ತೆಳ್ಳಗಾಗಲಿಲ್ಲ."

ಅವನು ಹಿಂದಕ್ಕೆ ಸರಿಯುತ್ತ ಗೇಟಿನವರೆಗೆ ಬಂದ. ಅಲ್ಲಿ ಮಂಗಲ್ಪಾಡಿ ಕಡೆಯ ಅಪರಿಚಿತನೊಬ್ಬ ಮಾಲೆ ಹಿಡಿದು ಬೈಕ್ ನಿಲ್ಲಿಸಿದ್ದ.

"ಸಾವಿನ ಮನೆ ಇದೇಯಾ ಅಣ್ಣ?"

"ಜೇಕಬ್ ಪೊರ್ಬುಗಳದ್ದಾ?"

"ಜೇಕಬ್ ಯಾರು?" ಆತ ಗಲಿಬಿಲಿಗೊಂಡ. "ನನಗೆ ಹೋಗಬೇಕಾದ್ದು ಸಿಂಥೆಟಿಕ್ ಪೊರ್ಬುಗಳ ಮನೆಗೆ. ಒಳ್ಳೆ ಮನುಷ್ಯ ಪಾಪ. ಬೇರೆ ಮನೆಯಾ?"

ಭುಜಂಗ ಹಿಂತಿರುಗಿ ನೋಡಿದ. ಹಿಂದೆ, ಅಂಗಳದಲ್ಲಿ, ಜೋಸ್ಫಿನ್ ಬಾಯಿಗೆ ಎಲ್ಲ ಕೇಳಿಸುತ್ತಿತ್ತು.

"ಅಲ್ಲ," ಎಂದ. "ಸಿಂಥೆಟಿಕ್ ಪೊರ್ಬುಗಳ ಮನೆ ಇದೇ."