ಫ್ರಿಜ್ಜಿಗೊಂದು ಜೊತೆ ಚಪ್ಪಲಿ

“ಬೀಗರ, ಚಪ್ಪಲ್ ಹಾಕ್ಕೊಳ್ರೀ!”

ಅತ್ತೆ, ಯಜಮಾನರು, ನಾನು, ಮೂವರೂ ಒಟ್ಟಿಗೇ ಕೂಗಿದೆವು. ಮೊಮ್ಮಗಳನ್ನು ನೋಡಲು ತಿಕೋಟಾದಿಂದ ಬಂದಿದ್ದ ಬೀಗರು ಫ್ರಿಜ್ಜಿನ ಕಡೆ ಚಾಚಿದ ಕೈಯನ್ನು ಹಾಗೇ ನಿಲ್ಲಿಸಿದರು. ಪಾಪ, ಒಂದು ಗ್ಲಾಸು ತಣ್ಣೀರು ಬೇಕಿತ್ತು ಅಷ್ಟೆ. ಆಗಷ್ಟೇ ಇದೇ ಅತ್ತೆ ಅವರ ಚಪ್ಪಲಿಯನ್ನು ಹೊರಬಾಗಿಲಲ್ಲಿ ಬಿಡಿಸಿದ್ದರು. ಈಗ ಅಡುಗೆಮನೆಯ ನಟ್ಟನಡುವೆ ಚಪ್ಪಲಿ ಹಾಕಿಕೊಳ್ಳಿ ಅಂದರೆ ಮನುಷ್ಯ ಏನಂತ ತಿಳಿಯಬೇಕು?

ವಿಷಯ ಇಷ್ಟೇ. ನಮ್ಮ ಫ್ರಿಜ್ಜು ಮುಟ್ಟಿದರೆ ಜುಮ್ ಅನ್ನುತ್ತದೆ. (ಶಾಕ್ ಅಲ್ಲ. ಶಾಕ್ ಅಂದರೆ ಅತ್ತೆಗೆ ಸಿಟ್ಟು ಬರುತ್ತದೆ. ಜುಮ್.) ಅದಕ್ಕೆಂದೇ ಅದರ ಮುಂದೆ ಒಂದು ಜೊತೆ ಹವಾಯಿ ಚಪ್ಪಲಿ ಇಟ್ಟಿದ್ದೇವೆ. ಚಪ್ಪಲಿ ಹೊಸ್ತಿಲು ದಾಟುವ ವಿಷಯದಲ್ಲಿ ಅತ್ತೆಯದು ಸುಪ್ರೀಂ ಕೋರ್ಟಿನ ಮಾತು. ಆದರೆ ಈ ಒಂದು ಜೊತೆಗೆ ಮಾತ್ರ ವಿನಾಯಿತಿ. ಅದನ್ನು ಅಂಗಳಕ್ಕೆ ಹಾಕುವಂತಿಲ್ಲ, ಬಚ್ಚಲಿಗೆ ಹಾಕುವಂತಿಲ್ಲ. ದಸರೆಯ ಖಂಡೆ ಪೂಜೆಯ ದಿನ ಫ್ರಿಜ್ಜಿಗೆ ಕುಂಕುಮ ಹಚ್ಚುವಾಗ ಚಪ್ಪಲಿಗೂ ಒಂದು ಬೊಟ್ಟು!

ಇದರಲ್ಲಿ ವಿಚಿತ್ರ ಏನಿದೆ ಅಂತ ನಮಗೆ ಯಾವತ್ತೂ ಅನ್ನಿಸಿದ್ದಿಲ್ಲ. ಮಗಳು ಪೂರ್ಣಿಮಾ ಮದುವೆಯಾಗಿ ತಿಕೋಟಾಕ್ಕೆ ಹೋದ ಹೊಸತರಲ್ಲಿ ಅಲ್ಲಿನ ಫ್ರಿಜ್ಜಿನ ಮುಂದೆ ನಿಂತು ಚಪ್ಪಲಿ ಹುಡುಕಿದ್ದಳಂತೆ. ಸೊಸೆಗೆ ನೆಲದ ತಂಪು ಆಗಿಬರುವುದಿಲ್ಲ ಅಂದುಕೊಂಡು ಅವರು ಅವಳಿಗೆ ಕಾಲುಚೀಲ ತಂದುಕೊಟ್ಟರಂತೆ!

ಬೀಗರು ಚಪ್ಪಲಿ ಹಾಕಿಕೊಳ್ಳಲಿಲ್ಲ. ನೀರೂ ಕುಡಿಯಲಿಲ್ಲ. ನಡುಮನೆಯಲ್ಲಿ ಅಂಬೆಗಾಲಿಡುತ್ತಿದ್ದ ಮೊಮ್ಮಗಳು ಚಿನ್ನಿಯನ್ನು ಎತ್ತಿಕೊಂಡರು. ನಮ್ಮ ಚಿನ್ನಿ ಈಗ ಕೈಗೆ ಸಿಕ್ಕಿದ್ದನ್ನು ಹಿಡಿದು ಎದ್ದು ನಿಲ್ಲುವ ವಯಸ್ಸಿನವಳು.

“ಈಕಿ ಕಾಲಿಗೆ ಬರೂ ಚಪ್ಪಲ್ ಅದಾವೇನ್ರಿ?” ಎಂದರು ಬೀಗರು.

ಅತ್ತೆ ಕಾಲಿನಿಂದ ಹವಾಯಿ ಚಪ್ಪಲಿಯನ್ನು ಮೆಲ್ಲಗೆ ಫ್ರಿಜ್ಜಿನಡಿ ಸರಿಸಿದರು.

“ಮನಿ ಚೆಕ್ ಮಾಡಸ್ರಿ. ಆಮ್ಯಾಲ ಕೂಸಿನ್ನ ಕಳಸ್ತೇವಿ.”

ತವರಿಗೆ ಬಂದಿದ್ದ ಮಗಳೂ ಮಾವನ ಮಾತಿಗೆ ಹೂಂ ಅಂದು ಬ್ಯಾಗು ತುಂಬಿದಳು. ಅದೇ ಚಪ್ಪಲಿ ಮೆಟ್ಟಿ ಐಸ್‌ಕ್ರೀಮ್ ಕದ್ದು ತಿಂದು ಬೆಳೆದವಳು! ಹೊರಡುವಾಗ ಚಿನ್ನಿ ನನ್ನ ಸೆರಗು ಬಿಡಲೊಲ್ಲಳು. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ನನಗೆ ಅಳುವೇ ಬಂತು.

ಮರುದಿನವೇ ಶ್ವೇತಾಳನ್ನು ಕರೆಸಿದೆ. ಬಬಲೇಶ್ವರದ ಹುಡುಗಿ, ಎಲೆಕ್ಟ್ರಿಕಲ್ ಇಂಜಿನಿಯರ್, ನಮ್ಮೂರ ಸೊಲ್ಲಾಪುರ ರಸ್ತೆಯಲ್ಲಿ ಸ್ವಂತ ಆಫೀಸು. ಮನೆಗಳ ವೈರಿಂಗ್ ತಪಾಸಣೆ ಅವಳ ಕೆಲಸ. ಬಂದವಳೇ ಮೇನ್ ಬೋರ್ಡಿನ ಬಾಗಿಲು ತೆರೆದಳು. ಒಳಗಿಂದ ಒಣಗಿದ ಚೆಂಡುಹೂಗಳು ಉದುರಿದವು.

“ಇದಕ್ಕೂ ಪೂಜಾ ಮಾಡ್ತೀರೇನ್ರಿ?”

“ಮತ್ತ? ಪ್ರತಿ ವರ್ಷಾ ಮಾಡ್ತೇವಿ. ನೀರೂ ಚಿಮುಕಸ್ತೇವಿ,” ಎಂದರು ಅತ್ತೆ, ಭಕ್ತಿಯಿಂದ.

ಶ್ವೇತಾ ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಮುಂದೆ ಫ್ಯೂಸು. ಅದರಲ್ಲಿ ಕೂದಲೆಳೆಯಂಥ ತಂತಿ ಇರಬೇಕಂತೆ. ನಮ್ಮದರಲ್ಲಿ ಬಟ್ಟೆ ಒಣಹಾಕುವ ತಂತಿಯಷ್ಟು ದಪ್ಪನೆಯದಿತ್ತು.

“ನಾನ ಹಾಕೇನಿ. ಆವಾಗಿಂದ ಒಮ್ಮಿನೂ ಫ್ಯೂಸ್ ಹೋಗಿಲ್ಲ ನೋಡವಾ!” ಯಜಮಾನರು ಮೀಸೆಯ ಮೇಲೆ ಕೈಯಾಡಿಸಿದರು. (ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು. ಸಾಲದ ಕಾಗದದಲ್ಲಿ ಒಂದು ಸಹಿ ತಪ್ಪಿದರೂ ವಾಪಸ್ ಕಳಿಸುತ್ತಿದ್ದರು.)

“ಫ್ಯೂಸ್ ಹೋಗಂಗಿಲ್ರಿ ಅಂಕಲ್. ಹೋದ್ರ ಮನೀನ ಹೋಗ್ತದ.”

ಮೀಸೆ ಮೇಲಿನ ಕೈ ಕೆಳಗಿಳಿಯಿತು. ಅಷ್ಟರಲ್ಲಿ ಅವಳು ಮಿಕ್ಸರಿನ ಬಳಿ ಹೋಗಿದ್ದಳು. ಅದಕ್ಕೆ ಪ್ಲಗ್ಗೇ ಇಲ್ಲ. ವೈರಿನ ತುದಿಗಳನ್ನು ಸಾಕೆಟ್ಟಿಗೆ ತುರುಕಿ, ಬೀಳದಿರಲಿ ಅಂತ ಬೆಂಕಿಕಡ್ಡಿ ಚುಚ್ಚಿದ್ದೇವೆ. ನಿಮ್ಮ ಮನೆಯಲ್ಲಿ ಹೀಗೆ ಮಾಡಿಲ್ಲವೇ? ದೇವರಾಣೆ ಮಾಡಿ ಹೇಳಿ!

ಕೊನೆಗೆ ಫ್ರಿಜ್ಜಿನ ಹಿಂದಿನ ಬೋರ್ಡು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಅರ್ಥಿಂಗಿನ ಹಸಿರು ವೈರು ಅಲ್ಲಿತ್ತು. ಯಾವುದಕ್ಕೂ ಜೋಡಿಸದೆ, ನೀಟಾಗಿ ಸುರುಳಿ ಸುತ್ತಿ ಇಟ್ಟಿದ್ದರು.

“ಇಷ್ಟ ವರ್ಷ ಯಾರಿಗೂ ಏನೂ ಆಗಿಲ್ಲವಾ,” ಅತ್ತೆ ಸೋಲಲು ಸಿದ್ಧರಿಲ್ಲ. “ನಮ್ಮ ಮನಿ ಕರೆಂಟ್ ಮಂದಿಗೆ ತ್ರಾಸ ಕೊಡೂದಲ್ಲ.”

“ಅಜ್ಜಿ, ಕರೆಂಟಿಗೆ ನಮ್ಮವರು, ಬ್ಯಾರೇದವರು ಅಂತ ಗೊತ್ತಾಗಂಗಿಲ್ರಿ.”

ನನಗೆ ನಗು ತಡೆಯಲಾಗಲಿಲ್ಲ. ಆದರೆ ಶ್ವೇತಾ ನೆಲದ ಮೇಲೆ ಕುಳಿತಳು. ಫ್ರಿಜ್ಜಿನ ಬಾಗಿಲ ಕೆಳಗಡೆ, ಬಣ್ಣ ಹೋದ ಅಂಚಿಗೆ ಟೆಸ್ಟರ್ ಇಟ್ಟಳು. ಟೆಸ್ಟರಿನ ದೀಪ ಹತ್ತಿತು.

“ಕೂಸು ಹಿಡದು ಏಳೂದು ಇಷ್ಟ ಎತ್ತರಕ್ಕ ನೋಡ್ರಿ. ಬರಿಗಾಲು. ಕೈಗೆಲ್ಲ ಜೊಲ್ಲು.”

ಟೆಸ್ಟರಿನ ಪಕ್ಕದಲ್ಲೇ ಗಿಣಿ, ಆನೆ, ಮಾವಿನಹಣ್ಣು ಸಾಲಾಗಿ ಅಂಟಿಕೊಂಡಿದ್ದವು. ಬಣ್ಣದ ಮ್ಯಾಗ್ನೆಟ್ಟುಗಳು. ಚಿನ್ನಿ ಆಸೆಪಟ್ಟು ಬಂದು ಎದ್ದು ನಿಲ್ಲಲಿ ಅಂತ, ಬೀಗರು ಬರುವ ಹಿಂದಿನ ದಿನ ನಾನೇ ತಂದು ಹಚ್ಚಿದ್ದು. ಅವಳಿನ್ನೂ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ, ಪುಣ್ಯ. ನನ್ನ ನಗು ಎಲ್ಲಿ ಹೋಯಿತೋ. ಅತ್ತೆ ಬಗ್ಗಿ ಆ ಗಿಣಿಯನ್ನು ಕಿತ್ತರು. ಚಪ್ಪಲಿ ಹಾಕಿಕೊಂಡೇ.

ನಮ್ಮ ಜನರ ದೊಡ್ಡ ಪ್ರತಿಭೆ ಇದು ನೋಡಿ. ಕೆಟ್ಟದ್ದನ್ನು ರಿಪೇರಿ ಮಾಡಿಸುವುದಿಲ್ಲ, ರೂಢಿ ಮಾಡಿಕೊಳ್ಳುತ್ತೇವೆ. ಆಮೇಲೆ ಆ ರೂಢಿಯನ್ನು ಮಕ್ಕಳಿಗೂ ಕಲಿಸುತ್ತೇವೆ.

ಇರಲಿ. ಹೊಸ ವೈರು ಬಂತು, ಅರ್ಥಿಂಗ್ ಆಯಿತು, ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ಚೂ ಬಂತು. ಕೆಲಸ ಮುಗಿದ ದಿನ ಅತ್ತೆ ಬರಿಗಾಲಲ್ಲಿ ಫ್ರಿಜ್ಜು ಮುಟ್ಟಿದರು. ಇನ್ನೊಮ್ಮೆ ಮುಟ್ಟಿದರು. “ಏನೂ ಅನ್ನವಲ್ದಲ್ಲಾ! ಕೆಟ್ಟದೇನಬೇ ಇದು?” ಎಂದರು.

ಚಿನ್ನಿಯನ್ನು ಕರೆತರಲು ತಿಕೋಟಾಕ್ಕೆ ಹೋದೆವು. ಬೀಗಿತ್ತಿ ತಟ್ಟೆ ತುಂಬ ಒಣದ್ರಾಕ್ಷಿ ತಂದಿಟ್ಟರು. ನಾನು ಬಿಡುತ್ತೇನೆಯೇ? ಫ್ಯೂಸು, ಅರ್ಥಿಂಗ್, ಹಸಿರು ವೈರು ಅಂತ ಶ್ವೇತಾಳಿಂದ ಕಲಿತದ್ದನ್ನೆಲ್ಲ ದ್ರಾಕ್ಷಿ ಮೆಲ್ಲುತ್ತ ಭಾಷಣ ಮಾಡಿದೆ. ಬೀಗರು ತಲೆಯಾಡಿಸಿದರು. “ನಮ್ಮ ಮನ್ಯಾಗ ಅಂಥಾ ಕಾಟ ಇಲ್ಲ ನೋಡ್ರಿ ಅಕ್ಕಾರ,” ಎಂದು ಬೀಗಿತ್ತಿ ನಕ್ಕರು.

ಅಷ್ಟರಲ್ಲಿ ಚಿನ್ನಿ ಬಚ್ಚಲ ಕಡೆ ಅಂಬೆಗಾಲಿಟ್ಟಳು. ಬೀಗಿತ್ತಿ ತಟ್ಟೆ ಬಿಟ್ಟು ಓಡಿದರು. ನಳಕ್ಕೆ ಕೈ ಹಾಕಲಿದ್ದ ಕೂಸನ್ನು ಸೊಂಟಕ್ಕೇರಿಸಿಕೊಂಡು ಏದುಸಿರು ಬಿಡುತ್ತ ಬಂದರು.

“ಏನಿಲ್ರಿ, ಗೀಜರ್ ಚಾಲೂ ಇದ್ದಾಗ ನಳ ಒಂದು ಮುಟ್ಟಬಾರ್ದು ನೋಡ್ರಿ, ಅಷ್ಟ.”

ಬೀಗರು ಗೋಡೆ ಕಡೆ ನೋಡತೊಡಗಿದರು. ನಾನು ಚಿನ್ನಿಯನ್ನು ಗಟ್ಟಿಯಾಗಿ ಅಪ್ಪಿಕೊಂಡು, ಇನ್ನೊಂದು ಕೈಯಲ್ಲಿ ಶ್ವೇತಾಗೆ ಫೋನ್ ಹಚ್ಚಿದೆ.

ಅಂದಹಾಗೆ, ನಿಮ್ಮ ಮನೆಯಲ್ಲಿ ‘ಅದೊಂದು ಮುಟ್ಟಬೇಡಿ, ಅಷ್ಟೆ’ ಅನ್ನುವುದು ಯಾವುದು?