ಕನುಭಾಯಿಯ ಎಡಗಣ್ಣು

ಸೂರತ್ತಿಗೆ ಬಂದ ಮೊದಲ ದಿನವೇ ನನ್ನ ಕೈಗೆ ಕೊಟ್ಟದ್ದು ಯಾರದೋ ಕಣ್ಣೊಳಗಿನ ದ್ರವ. ಐಸ್ ಡಬ್ಬಿಯಲ್ಲಿ ಪುಟ್ಟ ನಳಿಕೆ. ಮೇಲೆ ಹೆಸರಿಲ್ಲ, ಬರೀ ಒಂದು ಸಂಖ್ಯೆ. ಅಕ್ಷಿಪಟ ಕಳಚಿದವರ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಈ ದ್ರವವನ್ನು ಪರೀಕ್ಷಿಸುವುದು ಕಣ್ಣಾಸ್ಪತ್ರೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಅಕ್ಷಿಪಟ ತನ್ನ ಹಾಸಿನಿಂದ ಬಿಟ್ಟುಕೊಂಡರೆ ಆಮ್ಲಜನಕ ಸಾಲದೆ ಕೋಶಗಳು ಸಾಯತೊಡಗುತ್ತವೆ, ದ್ರವದಲ್ಲಿ ಪ್ರೋಟೀನು ಏರುತ್ತದೆ.

ನಮ್ಮ ಹಾವೇರಿಯಲ್ಲಿ ಬಾಡಿಗೆ ಮನೆ ಕೇಳಿದರೆ ಯಾರ ಪೈಕಿ ಅನ್ನುತ್ತಾರೆ. ಇಲ್ಲಿ ಮೊದಲು ಕೇಳಿದ್ದು, ಮೊಟ್ಟೆ ತಿನ್ನುತ್ತೀರಾ ಎಂದು. ಮೂರು ಮನೆ ಕೈತಪ್ಪಿದ ಮೇಲೆ, ವಜ್ರಕ್ಕೆ ಹೊಳಪು ಕೊಡುವ ಕನುಭಾಯಿ ತಮ್ಮ ಮಹಡಿಯ ಕೋಣೆ ಕೊಟ್ಟರು. ಅವರ ಹೆಂಡತಿ ಹಂಸಾಬೆನ್ ಬೆಲ್ಲ ಹಾಕಿದ ಬೇಳೆ ಕಳಿಸುತ್ತಿದ್ದರು. ಕೆಂಪು ಚಟ್ನಿಯ ನಾಲಿಗೆಗೆ ಅದೂ ಒಗ್ಗಿತು.

ಒಂದು ಬೆಳಿಗ್ಗೆ ಕನುಭಾಯಿ ಮೆಟ್ಟಿಲಲ್ಲಿ ನಿಲ್ಲಿಸಿ, ಹಿಂದಿ ಗುಜರಾತಿ ಬೆರೆಸಿ ಹೇಳಿದರು: "ಬೆನ್, ಎರಡು ದಿನದಿಂದ ಎಡಗಣ್ಣಲ್ಲಿ ಮಿಂಚು. ಕಣ್ಣು ಮುಚ್ಚಿದ್ರೂ ಹೊಳೀತದೆ." ಬೆನ್ ಅಂದರೆ ಅಕ್ಕ, ಕಿರಿಯಳಾದ ನನ್ನನ್ನೂ ಹಾಗೇ ಕರೆಯುತ್ತಿದ್ದರು.

"ಇಷ್ಟು ವರ್ಷ ಹೀರಾ ನೋಡಿದ್ದೀರಿ ಕನುಭಾಯಿ, ಒಂದು ಒಳಗೇ ಉಳಿದಿರಬೇಕು."

"ಅರೆ, ನಮ್ಮ ಕಾರ್ಖಾನೆಯ ಸೇಠ್‌ಗೆ ಹೇಳ್ಬಿಟ್ಟೀಯ! ಗೇಟಲ್ಲಿ ಕಣ್ಣೂ ಬಿಚ್ಚಿಸಿ ನೋಡ್ತಾನೆ."

ಇಬ್ಬರೂ ನಕ್ಕೆವು. ನಾನು ಬಸ್ಸಿಗೆ ಓಡಿದೆ. ಕಣ್ಣೊಳಗಿನ ದ್ರವ ಕುಗ್ಗಿ ಅಕ್ಷಿಪಟವನ್ನು ಜಗ್ಗಿದಾಗ ಮಿಂಚು ಕಾಣುತ್ತದೆ, ತಕ್ಷಣ ತೋರಿಸಬೇಕು: ಇದು ನಾನೇ ಬರೆದ ವರದಿಯಲ್ಲಿತ್ತು. ಆದರೂ ವಜ್ರದ ಕೆಲಸದವರಿಗೆ ಹೊಳಪು ಕಂಡರೆ ಏನು ವಿಶೇಷ ಅಂದುಕೊಂಡೆ.

ಅದಾಗಿ ಐದನೇ ದಿನ ಅವರ ಕಣ್ಣಿಗೆ ಕರಿ ಪರದೆ ಇಳಿಯಿತು. ನಮ್ಮಲ್ಲೇ ಶಸ್ತ್ರಚಿಕಿತ್ಸೆ. ಅಂದು ಬಂದದ್ದು ಒಂದೇ ನಳಿಕೆ. ಸಂಖ್ಯೆ ಏನನ್ನೂ ಮುಚ್ಚಲಿಲ್ಲ. ಪ್ರೋಟೀನು ವಿಪರೀತ ಏರಿತ್ತು. ಮತ್ತೆ ಅಳೆದೆ. ಅಷ್ಟೇ ಬಂತು.

ಅಕ್ಷಿಪಟ ಕೂಡಿಕೊಂಡಿತು, ನೋಟ ಪೂರ್ತಿ ಮರಳಲಿಲ್ಲ. ವಜ್ರದ ಮುಖಗಳು ಈಗ ಅವರಿಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ. ಅದೇ ಕಾರ್ಖಾನೆಯಲ್ಲಿ ಚಹಾದ ಕೆಲಸ ನೋಡಿಕೊಳ್ಳುತ್ತಾರೆ. ಮೆಟ್ಟಿಲ ಮೇಲಿನ ಮಾತನ್ನು ಅವರು ಹೆಂಡತಿಗೆ ಹೇಳಿಲ್ಲ. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಈಚೆಗೆ ಹುಬ್ಬಳ್ಳಿಯ ಕಾಲೇಜಿನಿಂದ ಕೆಲಸದ ಪತ್ರ ಬಂತು. "ಸಾಕು ಬಾರವ್ವಾ, ಆ ಸಿಹಿ ಬ್ಯಾಳಿ ಎಷ್ಟ್ ದಿನ ಉಣ್ತೀ?" ಎಂದಳು ಅವ್ವ ಫೋನಿನಲ್ಲಿ. ಹಂಸಾಬೆನ್‌ಗೆ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು.

"ನೀನು ಹೋದರೆ ಇವರ ಇನ್ನೊಂದು ಕಣ್ಣಿಗೆ ಯಾರು ಗತಿ? ಮನೆಯಲ್ಲಿ ಕಣ್ಣಿನ ವಿಷಯ ಬಲ್ಲವಳು ನೀನೊಬ್ಬಳೇ."

ಪಕ್ಕದಲ್ಲಿದ್ದ ಕನುಭಾಯಿ ಪೇಪರಿನ ಪುಟ ತಿರುಗಿಸಿದರು.

ಹುಬ್ಬಳ್ಳಿಗೆ ನಾನಿನ್ನೂ ಉತ್ತರ ಬರೆದಿಲ್ಲ. ಈ ಮನೆಯವಳು ಎನಿಸಿಕೊಳ್ಳಲು ನನಗೆ ಮುಖವಿಲ್ಲ. ಊರ ಕಡೆ ಹೋದರೆ ಅಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲ. ಹೋಗಬೇಕೆನಿಸುವುದು ಅದಕ್ಕೇ, ಹೋಗಲಾರದ್ದೂ ಅದಕ್ಕೇ.